ಅಮ್ಮನ ಬ್ರಹ್ಮಕಮಲ, 2 ರೂಪಾಯಿ 85 ಪೈಸೆಯ ಬ್ರಹ್ಮಕಮಲ

ನಮ್ಮ ಮನೆಯಲ್ಲಿ ನಲವತ್ತು ವರ್ಷಕ್ಕೂ ಹಳೆಯ ಒಂದು ಜಗಳ ಇದೆ. ಆಸ್ತಿ ಜಗಳ ಅಲ್ಲ, ಹೂವಿನ ಜಗಳ. ಒಂದು ಕಡೆ ಅಮ್ಮ, ಇನ್ನೊಂದು ಕಡೆ ನಾನು. ಅಪ್ಪ ಇದ್ದಷ್ಟು ದಿನ ಯಾರ ಕಡೆಗೂ ಸೇರದೆ ಪೇಪರ್ ಓದುತ್ತಾ ಕೂತಿರುತ್ತಿದ್ದರು.

ಸಾಗರದ ನಮ್ಮ ಮನೆಯ ಹಿತ್ತಿಲಲ್ಲಿ, ಬಚ್ಚಲುಮನೆ ಗೋಡೆಗೆ ಒರಗಿಕೊಂಡು ಒಂದು ಬ್ರಹ್ಮಕಮಲದ ಗಿಡ ಇದೆ. ಹಿಂದಿನ ಬೀದಿಯ ಟೀಚರ್ ಮನೆಯಿಂದ ಒಂದು ಎಲೆ ತಂದು ಅಮ್ಮ ನೆಟ್ಟಿದ್ದು. ಮಳೆಗಾಲದಲ್ಲಿ ಎಲೆಯ ಅಂಚಿನಿಂದಲೇ ಮೊಗ್ಗು ಜೋತು ಬೀಳುತ್ತದೆ. ಮೊಗ್ಗು ಕತ್ತು ಮೇಲೆತ್ತಿದ ದಿನ ಅಮ್ಮ ಸಂಜೆಯೇ ಘೋಷಣೆ ಮಾಡಿಬಿಡುತ್ತಾಳೆ, 'ಇವತ್ತು ರಾತ್ರಿ ಅರಳತ್ತೆ'. ಆಮೇಲೆ ನನ್ನ ಕೆಲಸ ಶುರು. ಟಾರ್ಚ್ ಹಿಡಿದು ಮನೆಮನೆಗೆ ಹೋಗಿ 'ಹೂ ಅರಳ್ತಾ ಇದೆ, ಬರಬೇಕಂತೆ' ಅಂತ ಕರೆಯಬೇಕು. ಹತ್ತು, ಹತ್ತೂವರೆಗೆ ಕೊಡೆ ಹಿಡಿದುಕೊಂಡು ಎಲ್ಲ ಬರುತ್ತಿದ್ದರು. ಅಮ್ಮ ಗಿಡದ ಮುಂದೆ ದೀಪ ಹಚ್ಚಿ, ಹಾಲು ಸಕ್ಕರೆ ಇಟ್ಟು ಕೈ ಮುಗಿಯುತ್ತಿದ್ದಳು. ಹೂವಿನ ಒಳಗೆ ಬಗ್ಗಿ ನೋಡಿದರೆ ಶೇಷನ ಮೇಲೆ ಮಲಗಿದ ವಿಷ್ಣು ಕಾಣುತ್ತಾನೆ ಅಂತ ಎಲ್ಲರಿಗೂ ತೋರಿಸುತ್ತಿದ್ದಳು. ನನಗೆ ಒಮ್ಮೆಯೂ ಕಾಣಲಿಲ್ಲ. ಕಂಡಿತು ಅಂತ ಸುಮ್ನೆ ತಲೆ ಆಡಿಸುತ್ತಿದ್ದೆ. ಆ ಸರಿಹೊತ್ತಿನಲ್ಲಿ ಎಲ್ಲರಿಗೂ ಕಾಫಿ. ಬೆಳಗ್ಗೆ ಎದ್ದು ನೋಡಿದರೆ ಅದೇ ಹೂವು ಹಿಂಡದೆ ಬಿಟ್ಟ ಒದ್ದೆ ಬಟ್ಟೆ ಥರ ನೇತಾಡುತ್ತಿರುತ್ತಿತ್ತು.

ಅಪ್ಪ ಅಂಚೆ ಕಚೇರಿಯಲ್ಲಿ ಗುಮಾಸ್ತರು. ನನಗೆ ಸ್ಟಾಂಪಿನ ಹುಚ್ಚು ಹತ್ತದೆ ಇನ್ನೇನು? 1982ರಲ್ಲಿ, ನಾನು ಐದನೇ ಕ್ಲಾಸಿನಲ್ಲಿದ್ದಾಗ, ಅಪ್ಪ ಬೆಂಗಳೂರಿಗೆ ಹೋದವರು ಜಿಪಿಒದಿಂದ ನಾಲ್ಕು ಹೊಸ ಸ್ಟಾಂಪು ತಂದುಕೊಟ್ಟರು. ಹಿಮಾಲಯದ ಹೂಗಳು ಅಂತ ಅಂಚೆ ಇಲಾಖೆ ಆ ವರ್ಷ ತಂದ ಸರಣಿ. 35 ಪೈಸೆಯದು ನೀಲಿ ಗಸಗಸೆ ಹೂವು, 1 ರೂಪಾಯಿಯದು ಇನುಲಾ ಅನ್ನುವ ಹಳದಿ ಹೂವು, 2 ರೂಪಾಯಿಯದು ಕೋಬ್ರಾ ಲಿಲಿ. ನಾಲ್ಕನೆಯದು 2 ರೂಪಾಯಿ 85 ಪೈಸೆ. ಅದರ ಹೆಸರು ಬ್ರಹ್ಮ ಕಮಲ.

ನಾನು ಸ್ಟಾಂಪನ್ನೂ ನೋಡಿದೆ, ಹಿತ್ತಿಲನ್ನೂ ನೋಡಿದೆ. ಎತ್ತಣಿಂದೆತ್ತ ಸಂಬಂಧ? ಓಡಿಹೋಗಿ ಅಮ್ಮನಿಗೆ ತೋರಿಸಿದೆ. 'ಅಮ್ಮಾ, ನಮ್ಮದು ಬ್ರಹ್ಮಕಮಲ ಅಲ್ವಂತೆ!'

ಅಮ್ಮ ದೋಸೆ ಮಗುಚುತ್ತಾ ಒಂದು ಕ್ಷಣ ಕಣ್ಣು ಹಾಯಿಸಿ, 'ಸ್ಟಾಂಪು ಮಾಡೋರು ಹೂ ಬೆಳೆಸ್ತಾರಾ?' ಅಂದಳು. ಅಲ್ಲಿಗೆ ಆ ದಿನದ ಕಲಾಪ ಮುಗಿಯಿತು. ಜಗಳ ಮಾತ್ರ ಮುಗಿಯಲಿಲ್ಲ.

ದೊಡ್ಡವನಾದ ಮೇಲೆ ಓದಿ ತಿಳಿದುಕೊಂಡಿದ್ದು ಇಷ್ಟು. ಅಮ್ಮನ ಗಿಡ ಎಪಿಫಿಲ್ಲಮ್ ಆಕ್ಸಿಪೆಟಲಮ್. ಜಾತಿಯಲ್ಲಿ ಪಾಪಾಸುಕಳ್ಳಿ. ತವರು ಮೆಕ್ಸಿಕೋ, ಗ್ವಾಟೆಮಾಲಾ ಕಡೆ. ನಾವು ಎಲೆ ಅನ್ನುವುದು ಎಲೆಯೇ ಅಲ್ಲ, ಚಪ್ಪಟೆಯಾದ ಕಾಂಡ. ಅದಕ್ಕೇ ಅದರ ಅಂಚಿನಿಂದ ಹೂ ಬರುವುದು, ತುಂಡು ನೆಟ್ಟರೆ ಗಿಡ ಆಗುವುದು. ರಾತ್ರಿ ಅರಳುವುದು ಅಲ್ಲಿನ ನಿಶಾಚರಿ ಪತಂಗಗಳನ್ನು ಕರೆಯಲು. ಅಮ್ಮ ಕರೆದದ್ದು ಬೀದಿಯವರನ್ನು, ಅಷ್ಟೇ ವ್ಯತ್ಯಾಸ. ಇದನ್ನೆಲ್ಲ ಹೇಳಿದರೆ 'ಮೆಕ್ಸಿಕೋದಿಂದ ಬಂದಿದ್ದು ಹಿತ್ತಿಲಲ್ಲಿ ಇರಬಾರದು ಅಂದ್ರೆ ಮೆಣಸಿನಕಾಯಿ, ಪೇರಲೆ, ಸೀತಾಫಲ ಎಲ್ಲ ಕಿತ್ತು ಹಾಕು' ಅಂದಳು. ಈ ವಿಷಯ ಅವಳಿಗೆ ಎಲ್ಲಿಂದ ಗೊತ್ತಾಯಿತೋ ದೇವರೇ ಬಲ್ಲ. ನಾನೇ ಯಾವಾಗಲೋ ಹೇಳಿದ್ದೆ ಅನ್ನಿಸುತ್ತದೆ.

ಮಧ್ಯೆ ಒಂದು ಅವಮಾನವನ್ನೂ ಹೇಳಿಬಿಡುತ್ತೇನೆ. ನಿಜವಾದ ಬ್ರಹ್ಮಕಮಲವನ್ನು ಮನೆಯಲ್ಲೇ ಬೆಳೆಸಿ ಅಮ್ಮನ ಬಾಯಿ ಮುಚ್ಚಿಸೋಣ ಅಂತ ಆನ್‌ಲೈನ್‌ನಲ್ಲಿ 'ಒರಿಜಿನಲ್ ಹಿಮಾಲಯನ್ ಬ್ರಹ್ಮಕಮಲ' ಬೀಜ ತರಿಸಿದೆ. ಪ್ಯಾಕೆಟ್ಟಿಗೆ 250 ರೂಪಾಯಿ. ಶಿವಮೊಗ್ಗದ ನನ್ನ ಮನೆ ಟೆರೇಸ್ ಮೇಲೆ ದಿನಾ ಐಸ್ ಕ್ಯೂಬ್ ಹಾಕಿ ಸಾಕಿದೆ. ಮೊಳಕೆಯೂ ಬಂತು. ತಿಂಗಳು ಕಳೆದ ಮೇಲೆ ನೋಡಿದರೆ ಕೀರೆ ಸೊಪ್ಪು. ಅಮ್ಮ ಬಂದಿದ್ದಾಗ ಅದನ್ನೇ ಕೊಯ್ದು ಹುಳಿ ಮಾಡಿದಳು. 'ನಿನ್ನ ಬ್ರಹ್ಮಕಮಲ ಚೆನ್ನಾಗಿದೆ ಮಾರಾಯ' ಅಂದಳು.

ಅಂತೂ 2024ರ ಆಗಸ್ಟ್ ಕೊನೆಯ ವಾರ, ನನ್ನ 52ನೇ ವಯಸ್ಸಿನಲ್ಲಿ, ನಾನು, ಹೆಂಡತಿ, ನನ್ನ ಬ್ಯಾಂಕಿನ ಒಬ್ಬ ಸಹೋದ್ಯೋಗಿ ಮೂವರೂ ಉತ್ತರಾಖಂಡಕ್ಕೆ ಹೊರಟೆವು. ಹೊರಡುವ ಹಿಂದಿನ ದಿನ ಅಮ್ಮ ಒಂದು ಸ್ಟೀಲ್ ಡಬ್ಬಿ ತುಂಬ ಚಕ್ಕುಲಿ ಕೊಟ್ಟಳು. 'ಡಬ್ಬಿ ವಾಪಸ್ ತರಬೇಕು' ಅಂತ ಎರಡು ಸಲ ಹೇಳಿದಳು. ಆ ಡಬ್ಬಿ ನೋಡಿ ನನಗೆ ಒಂದು ಯೋಚನೆ ಬಂತು. ಅದನ್ನು ಆಮೇಲೆ ಹೇಳುತ್ತೇನೆ.

ಹರಿದ್ವಾರದಿಂದ ಜೋಶಿಮಠಕ್ಕೆ ಇಡೀ ದಿನದ ಪ್ರಯಾಣ. ದಾರಿಯಲ್ಲಿ ಎರಡು ಕಡೆ ಗುಡ್ಡ ಕುಸಿದು ಜೆಸಿಬಿ ಮಣ್ಣು ಎತ್ತುವ ತನಕ ಕಾದೆವು. ಮರುದಿನ ಗೋವಿಂದಘಾಟ್, ಅಲ್ಲಿಂದ ಜೀಪಿನಲ್ಲಿ ಪುಲನಾ. ಆಮೇಲೆ ಹತ್ತಿರ ಹತ್ತು ಕಿಲೋಮೀಟರ್ ನಡೆದರೆ ಘಾಂಗರಿಯಾ. ಸುಮಾರು 3,000 ಮೀಟರ್ ಎತ್ತರದಲ್ಲಿರುವ ಒಂದೇ ಬೀದಿಯ ಊರು. ಹೇಸರಗತ್ತೆಗಳ ಲದ್ದಿ, ಡೀಸೆಲ್ ಜನರೇಟರ್, ಪರಾಠದ ವಾಸನೆ ಎಲ್ಲ ಒಟ್ಟಿಗೆ. ಚಳಿಗಾಲದಲ್ಲಿ ಇಡೀ ಊರಿಗೇ ಬೀಗ.

ಘಾಂಗರಿಯಾದಿಂದ ದಾರಿ ಎರಡಾಗುತ್ತದೆ. ಎಡಕ್ಕೆ ಹೂಕಣಿವೆ, ಬಲಕ್ಕೆ ಹೇಮಕುಂಡ. ಮೊದಲ ದಿನ ಎಡಕ್ಕೆ ಹೋದೆವು. ಕಾಮೆಟ್ ಶಿಖರ ಹತ್ತಿ ಇಳಿಯುತ್ತಿದ್ದ ಫ್ರಾಂಕ್ ಸ್ಮೈತ್ ಅನ್ನುವ ಇಂಗ್ಲಿಷ್ ಪರ್ವತಾರೋಹಿ 1931ರಲ್ಲಿ ಮಳೆಯಲ್ಲಿ ದಾರಿ ಬದಲಿಸಿ ಈ ಕಣಿವೆಗೆ ಇಳಿದ, 1937ರಲ್ಲಿ ಹೂ ನೋಡಲೆಂದೇ ಮತ್ತೆ ಬಂದ. ಅವನಿಂದಾಗಿ ಹೊರಗಿನವರಿಗೆ ಈ ಜಾಗ ಗೊತ್ತಾಯಿತು. ಕುರಿ ಮೇಯಿಸುವವರಿಗೆ ಮೊದಲೇ ಗೊತ್ತಿತ್ತು ಬಿಡಿ. 1939ರಲ್ಲಿ ಹೂ ಸಂಗ್ರಹಿಸಲು ಬಂದ ಜೋನ್ ಮಾರ್ಗರೆಟ್ ಲೆಗ್ ಬಂಡೆ ಇಳಿಜಾರಿನಲ್ಲಿ ಜಾರಿ ಬಿದ್ದು ತೀರಿಕೊಂಡರು. ಅವರ ಸಮಾಧಿ ಕಣಿವೆಯೊಳಗೇ ಇದೆ. ಹೂಗಳ ಮಧ್ಯೆ ಒಂದು ಕಲ್ಲು, ಅಷ್ಟೇ.

ಕಣಿವೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಫೋಟೋಗಳನ್ನು ನೀವೂ ನೋಡಿರುತ್ತೀರಿ. ಫೋಟೋದಲ್ಲಿ ಇರುವಷ್ಟು ಬಣ್ಣ ಇರಲಿಲ್ಲ, ಇದ್ದಷ್ಟು ಮಳೆ ಫೋಟೋದಲ್ಲಿ ಬರುವುದಿಲ್ಲ. ಆದರೆ ನನಗೊಂದು ಗುಟ್ಟಿನ ಕೆಲಸ ಇತ್ತು. ನಾಲ್ಕು ಸ್ಟಾಂಪಿನ ನಾಲ್ಕೂ ಹೂ ನೋಡಬೇಕು. ಇದನ್ನು ಹೆಂಡತಿಗೂ ಹೇಳಿರಲಿಲ್ಲ, ನಗುತ್ತಾಳೆ ಅಂತ. ಕೋಬ್ರಾ ಲಿಲಿ ಕಾಡಿನ ನೆರಳಲ್ಲಿ ಸಿಕ್ಕಿತು. ಹೂವಿನ ಕಾಲ ಮುಗಿದು ಹಸಿರು ಕಾಯಿ ಕಟ್ಟಿತ್ತು. ಅದು ನಮ್ಮ ಕೆಸುವಿನ ದಾಯಾದಿ. ಎಲೆ ನೋಡಿ ಹೆಂಡತಿ 'ಪತ್ರೊಡೆಗೆ ಆಗತ್ತಾ?' ಅಂದಳು. ಇನುಲಾ ಹಳದಿ ಹಳದಿಯಾಗಿ, ಸೂರ್ಯಕಾಂತಿಯ ದಳಗಳನ್ನು ಯಾರೋ ಕತ್ತರಿಯಲ್ಲಿ ಎಳೆ ಎಳೆಯಾಗಿ ಸೀಳಿದ ಹಾಗೆ. ಎರಡು ಆಯಿತು.

ಮರುದಿನ ಬೆಳಗ್ಗೆ ಐದೂವರೆಗೆ ಹೇಮಕುಂಡದ ದಾರಿ. ದೂರ ಆರೇ ಕಿಲೋಮೀಟರ್. ಆದರೆ ಆ ಆರರಲ್ಲಿ ಸಾವಿರದ ಇನ್ನೂರು ಮೀಟರ್‌ಗಿಂತ ಜಾಸ್ತಿ ಏರಬೇಕು. ಮೇಲೆ ಸರೋವರದ ಹತ್ತಿರ ಸಿಖ್ಖರ ಗುರುದ್ವಾರ ಇದೆ, ಪಕ್ಕದಲ್ಲೇ ಲಕ್ಷ್ಮಣನ ಗುಡಿ. ಗುರು ಗೋವಿಂದ ಸಿಂಗರು ಹಿಂದಿನ ಜನ್ಮದಲ್ಲಿ ಇಲ್ಲಿ ತಪಸ್ಸು ಮಾಡಿದರು ಅನ್ನುವ ನಂಬಿಕೆ. ಎಪ್ಪತ್ತು ದಾಟಿದ ಸರದಾರ್ಜಿಗಳು 'ವಾಹೇಗುರು' ಅನ್ನುತ್ತಾ ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ನಾನು ಇಪ್ಪತ್ತು ಹೆಜ್ಜೆ ನಡೆಯುವುದು, ಹೂ ನೋಡುವ ನೆಪದಲ್ಲಿ ನಿಲ್ಲುವುದು. ಹೂವಿನ ಆಸಕ್ತಿ ಇರುವವರಿಗೆ ಇದೊಂದು ಅನುಕೂಲ, ಏದುಸಿರು ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ಜೊತೆ ಭ್ಯೂಂಡಾರ್ ಹಳ್ಳಿಯ ಒಬ್ಬ ಹುಡುಗ ಗೈಡ್ ಆಗಿ ಬಂದಿದ್ದ. ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸಿರಬಹುದು. 2013ರ ಜೂನ್ ಪ್ರವಾಹದಲ್ಲಿ ಅವನ ಊರಿನ ಮನೆಗಳು ಹೋದಾಗ ಇನ್ನೂ ಸ್ಕೂಲಿನಲ್ಲಿದ್ದನಂತೆ. ಮಾತು ಕಮ್ಮಿ. ಕೇಳಿದರೆ ಮಾತ್ರ ಹೇಳುವವನು.

ಮರಗಳೆಲ್ಲ ಮುಗಿದು ಬರೀ ಹುಲ್ಲು, ಕಲ್ಲು ಉಳಿದ ಮೇಲೆ ಒಂದು ಬಂಡೆಯ ಸಂದಿಯಲ್ಲಿ ನೀಲಿ ಗಸಗಸೆ ಕಂಡಿತು. ಆ ನೀಲಿಗೆ ಏನು ಹೆಸರು ಕೊಡಲಿ? ಮಳೆ ನಿಂತ ಸಂಜೆ ಪಶ್ಚಿಮದಲ್ಲಿ ಒಂದು ಚೂರು ಆಕಾಶ ತೊಳೆದ ಹಾಗೆ ಕಾಣುತ್ತದಲ್ಲ, ಆ ನೀಲಿ. ಮಧ್ಯೆ ಅರಿಸಿನದ ಬಣ್ಣದ ಕೇಸರಗಳ ಗುಂಪು. ದಳ ಅಷ್ಟು ನಾಜೂಕು, ಕಾಂಡದ ತುಂಬ ಮಾತ್ರ ಚೂಪು ಮುಳ್ಳು. ಮೂರಾಯಿತು. ಈಗ ಹೆಂಡತಿಗೆ ಸ್ಟಾಂಪಿನ ವಿಷಯ ಹೇಳಿದೆ. ಅವಳು ನಗಲಿಲ್ಲ. 'ಅದಕ್ಕೇ ನಿನ್ನೆಯಿಂದ ಬೆರಳು ಮಡಚ್ತಾ ಇದೀರಾ?' ಅಂದಳು.

ಕೊನೆಯ ಭಾಗದಲ್ಲಿ ಮತ್ತೆ ಎರಡು ದಾರಿ. ಹೇಸರಗತ್ತೆಗಳು ಹೋಗುವ ಸುತ್ತು ದಾರಿ, ನೇರವಾಗಿ ಏರುವ ಕಲ್ಲಿನ ಮೆಟ್ಟಿಲು. ಸಾವಿರಕ್ಕೂ ಜಾಸ್ತಿ ಮೆಟ್ಟಿಲು ಅಂದರು. ನನ್ನ ಮಂಡಿ ಸುತ್ತು ದಾರಿಗೇ ಮತ ಹಾಕಿತು. ಮೋಡ ಕೆಳಗಿಳಿದು ಹತ್ತು ಅಡಿ ಮುಂದಿನದು ಕಾಣುತ್ತಿರಲಿಲ್ಲ. ಸಣ್ಣಗೆ ಹನಿ. ಎಡಗಡೆಯ ಇಳಿಜಾರಿನಲ್ಲಿ, ಕಲ್ಲುಗಳ ಮಧ್ಯೆ ಯಾರೋ ಬಟರ್ ಪೇಪರ್ ಮುದ್ದೆ ಮಾಡಿ ಎಸೆದಿದ್ದರು. ಒಂದಲ್ಲ, ಐದಾರು. 'ಇಲ್ಲೂ ಕಸ ಹಾಕ್ತಾರಲ್ಲ ಈ ಜನ' ಅಂತ ಜೋರಾಗಿಯೇ ಬೈದೆ.

ಹುಡುಗ ನಿಂತ. ನನ್ನ ಮುಖ ನೋಡಿದ. 'ಅಂಕಲ್, ವಹೀ ತೋ ಹೈ' ಅಂದ.

ನಲವತ್ತೆರಡು ವರ್ಷ ಕಾದಿದ್ದ ಹೂವಿಗೆ ನನ್ನ ಮೊದಲ ಮಾತು ಬೈಗುಳ ಆಯಿತು.

ದಾರಿಯ ಅಂಚಿಗೇ ಒಂದು ಗಿಡ ಇತ್ತು. ಕೊಡೆ ಹೆಂಡತಿ ಕೈಗೆ ಕೊಟ್ಟು ಒದ್ದೆ ಕಲ್ಲಿನ ಮೇಲೆ ಮಂಡಿ ಊರಿ ಕೂತೆ. ಗಿಡದ ಎತ್ತರ ಹೆಚ್ಚೆಂದರೆ ಒಂದೂವರೆ ಗೇಣು. ಕೆಳಗೆ ಗರಗಸದ ಅಂಚಿನ ಉದ್ದ ಎಲೆಗಳು. ಮೇಲೆ ಹೋಗುತ್ತಾ ಹೋಗುತ್ತಾ ಎಲೆಗಳು ಹಸಿರು ಬಿಟ್ಟು ತೆಳು ಹಳದಿಗೆ ತಿರುಗಿ, ದೋಣಿಯ ಆಕಾರಕ್ಕೆ ಬಾಗಿ, ಒಂದರ ಮೇಲೊಂದು ಮುಚ್ಚಿಕೊಂಡಿದ್ದವು. ಗಾಳಿಗೆ ದೀಪ ಆರಬಾರದು ಅಂತ ಎರಡು ಕೈಯನ್ನೂ ಅಡ್ಡ ಹಿಡಿಯುತ್ತೇವಲ್ಲ, ಸರಿಯಾಗಿ ಹಾಗೆ. ಮುಟ್ಟಿದರೆ ಈರುಳ್ಳಿ ಸಿಪ್ಪೆಯ ಹಾಗೆ, ಗೆರೆ ಗೆರೆ, ಬೆಳಕು ಒಳಗೆ ಹಾಯುವಷ್ಟು ತೆಳು. ಇಷ್ಟು ಹೊತ್ತೂ ನಾನು ದಳ ಅಂದುಕೊಂಡಿದ್ದು ದಳವೇ ಅಲ್ಲ, ಹೂವಿಗೆ ಹೊದಿಸಿದ ಎಲೆ. ಹಾಗಾದರೆ ಹೂ ಎಲ್ಲಿ?

ಒಂದು ಹೊದಿಕೆಯನ್ನು ಬೆರಳ ತುದಿಯಲ್ಲಿ ಸ್ವಲ್ಪವೇ ಸರಿಸಿ ಬಗ್ಗಿ ನೋಡಿದೆ. ಅಮ್ಮನ ಹೂವಿನೊಳಗೆ ವಿಷ್ಣುವನ್ನು ಹುಡುಕುತ್ತಿದ್ದ ಹಾಗೆಯೇ. ಒಳಗೆ ಕಡುನೇರಳೆ ಬಣ್ಣದ ಗುಂಡಿಗಳು, ಒತ್ತೊತ್ತಾಗಿ ಏಳು. ಒಂದೊಂದು ಗುಂಡಿಯೂ ಪುಟ್ಟ ಪುಟ್ಟ ಹೂಗಳ ಗೊಂಚಲು. ಹೊರಗೆ ಬೆಳಗ್ಗೆಯಿಂದ ಮಳೆ, ಒಳಗೆ ಒಂದು ಹನಿ ಇಲ್ಲ. ಆ ನೇರಳೆ ಗುಂಡಿಗಳ ಮಧ್ಯೆ ಒಂದು ದಪ್ಪ, ತುಪ್ಪಳದ ದುಂಬಿ ಕೂತಿತ್ತು. ಜೇನು ಹೀರುತ್ತಿರಲಿಲ್ಲ. ಸುಮ್ನೆ ಕೂತಿತ್ತು. ಮಳೆ ಅಂತ ಬಸ್ ಸ್ಟಾಂಡಿಗೆ ನುಗ್ಗಿದವರು ಕೂರುತ್ತಾರಲ್ಲ ಹಾಗೆ. ನನ್ನನ್ನು ನೋಡಿ ಒಂದು ಕಾಲು ಎತ್ತಿತು. ಎಲೆಯನ್ನು ಮೆಲ್ಲಗೆ ಬಿಟ್ಟೆ.

ವಾಸನೆ? ಸುವಾಸನೆ ಅಂತ ನಾನಂತೂ ಹೇಳಲಾರೆ. ತುಂಬ ದಿನ ಮುಚ್ಚಿಟ್ಟ ಮರದ ಪೆಟ್ಟಿಗೆ ತೆಗೆದಾಗ ಬರುವ ಘಾಟು, ಅದಕ್ಕೆ ಸ್ವಲ್ಪ ಕಸ್ತೂರಿ ಬೆರೆಸಿದ ಹಾಗೆ. ದ್ರೌಪದಿಗಾಗಿ ಭೀಮ ಹುಡುಕಿಕೊಂಡು ಹೋದ ಸೌಗಂಧಿಕಾ ಹೂ ಇದೇ ಅಂತ ಆ ಕಡೆ ಹೇಳುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಅದು ಕುಬೇರನ ಕೊಳದಲ್ಲಿ ನೀರಿನೊಳಗೆ ಇದ್ದ ತಾವರೆ. ಇದು ನೀರಿನ ಹತ್ತಿರವೂ ಸುಳಿಯದೆ ಕಲ್ಲು ಕಚ್ಚಿಕೊಂಡಿದೆ. ಇದನ್ನು ತಂದುಕೊಟ್ಟಿದ್ದರೆ ದ್ರೌಪದಿ ಮೂಗು ಮುಚ್ಚಿಕೊಂಡು ಇನ್ನೊಂದು ಸಲ ಕಳಿಸುತ್ತಿದ್ದಳು.

ಆ ಹೊದಿಕೆಯ ವಿಷಯ ನನ್ನನ್ನು ಬಿಡಲಿಲ್ಲ. ಬೇಸಿಗೆ ಅನ್ನುವುದು ಅಲ್ಲಿ ನಾಲ್ಕು ತಿಂಗಳು ಇದ್ದರೆ ಪುಣ್ಯ. ಹೂ ಬಿಡಬೇಕಾದ ಜುಲೈಯಿಂದ ಸೆಪ್ಟೆಂಬರ್‌ನಲ್ಲೇ ಮಳೆ. ಪರಾಗ ನೆನೆದರೆ ಕೆಟ್ಟಿತು. ಆ ಎತ್ತರದಲ್ಲಿ ಬಿಸಿಲು ಬಂದರೂ ಕಷ್ಟ, ಅದರಲ್ಲಿ ನೇರಳಾತೀತ ಕಿರಣ ಜಾಸ್ತಿ. ರಾತ್ರಿ ಕೊರೆಯುವ ಚಳಿ. ಹೀಗಾಗಿ ಗಿಡ ತನ್ನದೇ ಎಲೆಯಿಂದ ಒಂದು ಗಾಜಿನ ಮನೆ ಕಟ್ಟಿಕೊಳ್ಳುತ್ತದೆ. ಬೆಳಕು ಒಳಗೆ ಬರುತ್ತದೆ, ಮಳೆ ಬರುವುದಿಲ್ಲ, ಸ್ವಲ್ಪ ಬಿಸಿಯೂ ಉಳಿಯುತ್ತದೆ. ನಮ್ಮ ಕಡೆ ಪಾಲಿಹೌಸ್‌ನಲ್ಲಿ ದೊಡ್ಡ ಮೆಣಸಿನಕಾಯಿ ಬೆಳೆಯುತ್ತಾರಲ್ಲ, ಅದೇ ತಂತ್ರ. ಸಿಕ್ಕಿಂ ಕಡೆಯ ಬೆಟ್ಟಗಳಲ್ಲಿ ರೀಯಮ್ ನೊಬೈಲ್ ಅನ್ನುವ ಇನ್ನೊಂದು ಗಿಡವೂ ಇದೇ ಉಪಾಯ ಮಾಡುತ್ತದೆ. ಅದು ಆಳೆತ್ತರ ಬೆಳೆಯುತ್ತದೆ, ದೂರಕ್ಕೆ ಬಿಳಿ ಗೋಪುರದ ಹಾಗೆ ಕಾಣುತ್ತದಂತೆ. ಎರಡಕ್ಕೂ ನೆಂಟಸ್ತಿಕೆ ಇಲ್ಲ. ಒಂದೇ ಕಷ್ಟಕ್ಕೆ ಇಬ್ಬರೂ ಬೇರೆ ಬೇರೆಯಾಗಿ ಒಂದೇ ಕೊಡೆ ಹೊಲಿಸಿಕೊಂಡಿದ್ದಾರೆ.

ಈ ಗಿಡದ ಶಾಸ್ತ್ರೀಯ ಹೆಸರು ಸಾಸ್ಯೂರಿಯಾ ಒಬ್‌ವಲ್ಲಾಟಾ. ಸಾಸ್ಯೂರ್ ಅಂದರೆ ಜಿನೀವಾದ ವಿಜ್ಞಾನಿ, ಆಲ್ಪ್ಸ್‌ನ ಮೌಂಟ್ ಬ್ಲಾಂಕ್ ಶಿಖರವನ್ನು 1787ರಲ್ಲಿ ಹತ್ತಿದವನು. ಕುಲ ನೋಡಿದರೆ ಕಮಲದ ಹತ್ತಿರವೂ ಇಲ್ಲ, ಸೂರ್ಯಕಾಂತಿಯ ಕುಟುಂಬ. ಅಂದರೆ ಅಮ್ಮನ ತುಳಸಿಕಟ್ಟೆ ಪಕ್ಕದ ಸೇವಂತಿಗೆಗೆ ಹತ್ತಿರದ ನೆಂಟ. ಗ್ರಂಧಿಗೆ ಅಂಗಡಿಯಲ್ಲಿ ಕೋಷ್ಠ ಅಂತ ಬೇರು ಕೊಡುತ್ತಾರಲ್ಲ, ಅದಂತೂ ಒಡಹುಟ್ಟು, ಅದೂ ಸಾಸ್ಯೂರಿಯಾನೇ. ಔಷಧಿಗೆ ಅಂತ ಬೇರು ಅಗೆದು ಅಗೆದು ಕಾಡಿನ ಕೋಷ್ಠ ಮುಗಿಯುತ್ತಾ ಬಂತು. ಈಗ ಅದನ್ನು ದೇಶದಿಂದ ದೇಶಕ್ಕೆ ಸಾಗಿಸಲು ಹುಲಿ ಚರ್ಮಕ್ಕೆ ಇರುವಂಥ ಕಟ್ಟುನಿಟ್ಟು.

ಕಮಲವೇ ಅಲ್ಲದ ಎರಡು ಗಿಡಗಳಲ್ಲಿ ಯಾವುದು ನಿಜವಾದ ಕಮಲ ಅಂತ ಅಮ್ಮನೂ ನಾನೂ ಇಷ್ಟು ವರ್ಷ ಕಿತ್ತಾಡಿದ್ದೇವೆ. ಮಂಡಿ ಊರಿದ ಕಡೆಯೇ ನಗು ಬಂತು.

ಇಷ್ಟರಲ್ಲಿ ನನ್ನ ಫೋನ್ ಸತ್ತುಹೋಗಿತ್ತು. ಬೆಳಗ್ಗೆ ನೂರಕ್ಕೆ ನೂರು ಇದ್ದ ಚಾರ್ಜು ಚಳಿಗೆ ಸೊನ್ನೆ. ಸಹೋದ್ಯೋಗಿ ಮೆಟ್ಟಿಲು ಹತ್ತಿ ಎಲ್ಲೋ ಮುಂದೆ ಹೋಗಿದ್ದರು. ಹೆಂಡತಿ ತನ್ನ ಫೋನಿನಲ್ಲಿ ವಿಡಿಯೋ ಮಾಡಿದಳು. ಅದರಲ್ಲಿ ಹೂವಿಗಿಂತ ಜಾಸ್ತಿ ನನ್ನ ರೇನ್‌ಕೋಟಿನ ಬೆನ್ನು ಇದೆ.

ಮೇಲೆ ಹೋದಂತೆ ಹೂ ಜಾಸ್ತಿಯಾಯಿತು. ಸರೋವರದ ಸುತ್ತ, ಬಂಡೆಗಳ ಮಧ್ಯೆ, ಎಲ್ಲಿ ನೋಡಿದರೂ ಆ ಮಬ್ಬು ಹಳದಿ ಗಂಟುಗಳು. ಅಪರೂಪದ ಗಿಡ ಅಂತಾರೆ, ಇಲ್ಲಿ ನೋಡಿದರೆ ಇಷ್ಟೊಂದು ಅಂತ ಹುಡುಗನ ಹತ್ತಿರ ಅಂದೆ. ಅವನು ಕೈ ಮೇಲೆ ತೋರಿಸಿದ, ಕೆಳಗೆ ತೋರಿಸಿದ. ಇಲ್ಲಿಂದ ಕೆಳಗೆ ಇಲ್ಲ, ಇನ್ನೂ ಮೇಲೆ ಹೋದರೆ ಬರೀ ಹಿಮ. ಇರುವುದು ಈ ಪಟ್ಟಿಯಲ್ಲಿ ಮಾತ್ರ. ಸೀರೆಯ ಅಂಚಿನ ಹಾಗೆ. ಅಂಚು ಉದ್ದ ಇರಬಹುದು, ಅಗಲ ಇಲ್ಲ.

ಗುರುದ್ವಾರದ ಲಂಗರ್‌ನಲ್ಲಿ ಬಿಸಿ ಖಿಚಡಿ, ಸ್ಟೀಲ್ ಲೋಟದ ತುಂಬ ಚಹಾ. ನಾಲ್ಕು ಸಾವಿರ ಮೀಟರ್ ಮೇಲೆ ತಿಂದ ಆ ಖಿಚಡಿಗೆ ಮದುವೆ ಊಟ ನಿವಾಳಿಸಿ ಎಸೆಯಬೇಕು. ಲೋಟ ಹಿಡಿದರೆ ಬೆರಳಿಗೆ ಜೀವ ಬಂತು. ಹುಡುಗನಿಗೂ ಬಾಯಿ ಬಂತು.

ಅವರ ಹಳ್ಳಿಯ ಕಡೆ ಇದಕ್ಕೆ ಕೌಂಲ್ ಅಂತಾರಂತೆ. ನಂದಾದೇವಿಯ ಹೂವು. ಅವನ ಅಜ್ಜಿ ಹೇಳುತ್ತಿದ್ದುದು, ನಂದಾಷ್ಟಮಿ ಬರುವವರೆಗೆ ಯಾರೂ ಕೀಳಬಾರದು. ಆ ಹೊತ್ತಿಗೆ ಊರಿನ ಕೆಲವು ಗಂಡಸರು ಸ್ನಾನ ಮಾಡಿ, ಬರಿಗಾಲಲ್ಲಿ ಬೆಟ್ಟ ಹತ್ತಿ, ಬುಟ್ಟಿಯಲ್ಲಿ ಹೂ ತರಬೇಕು. ಮೊದಲು ದೇವಿಗೆ. ಆಮೇಲೆ ಮನೆಮನೆಗೆ ಪ್ರಸಾದ. ನಂದಾಷ್ಟಮಿ ಅಂದರೆ ಭಾದ್ರಪದ ಶುದ್ಧ ಅಷ್ಟಮಿ. ನಮ್ಮ ಗಣೇಶನ ಹಬ್ಬ ಆಗಿ ನಾಲ್ಕು ದಿನಕ್ಕೆ. ನಾವು ಹೋದಾಗ ಇನ್ನೂ ಹದಿನೈದು ದಿನದ ಹತ್ತಿರ ಬಾಕಿ ಇತ್ತು. ಅಷ್ಟು ಕಾದರೆ ಒಂದಷ್ಟು ಹೂ ಬೀಜ ಕಟ್ಟಿಕೊಳ್ಳುತ್ತದೆ. ಅಜ್ಜಿಯರ ಲೆಕ್ಕ ಅದೇ ಇರಬೇಕು. ಈಗ ಯಾತ್ರೆ ಸೀಸನ್ ಪೂರ್ತಿ ಕೀಳುತ್ತಾರೆ ಅಂದ. ಕೇದಾರ, ಬದರಿಯ ಪೂಜೆಗೂ ಇದು ಬೇಕು, ಮಾರಿದರೆ ದುಡ್ಡೂ ಬರುತ್ತದೆ. 'ನೀನು ಕಿತ್ತಿದ್ದೀಯಾ?' ಅಂದೆ. ಲೋಟದೊಳಗೆ ನೋಡುತ್ತಾ 'ಪೆಹಲೇ' ಅಂದ. ಮೊದಲು. ಮುಂದೆ ನಾನು ಕೇಳಲಿಲ್ಲ.

ಇದೇ ಕುಲದ ಇನ್ನೊಂದು ಹೂವಿನ ಕತೆ ನನಗೆ ಗೊತ್ತಿತ್ತು, ಅವನಿಗೆ ಹೇಳಿದೆ. ಯುನ್ನಾನ್, ಟಿಬೆಟ್ ಕಡೆಯ ಹಿಮಕಮಲ. ಮೈತುಂಬ ಹತ್ತಿಯ ಹಾಗೆ ತುಪ್ಪಳ. ಎಷ್ಟೋ ವರ್ಷ ಬೆಳೆದು, ಬದುಕಿನಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುತ್ತದೆ. ಔಷಧಿಗೆ ಅಂತ ಕೀಳುವವರು ದೊಡ್ಡದನ್ನೇ ಹುಡುಕಿ ಕೀಳುತ್ತಾರೆ, ಅಲ್ವಾ? ದೊಡ್ಡದು ಬೀಜ ಆಗುವ ಮೊದಲೇ ಬುಟ್ಟಿ ಸೇರುತ್ತದೆ. ಕಣ್ಣಿಗೆ ಬೀಳದ ಕುಳ್ಳಗಿನದು ಉಳಿದು ಬೀಜ ಉದುರಿಸುತ್ತದೆ. ಮುಂದಿನ ತಲೆಮಾರೂ ಕುಳ್ಳು. ಹಳೆಯ ಸಂಗ್ರಹಗಳಲ್ಲಿ ಒಣಗಿಸಿಟ್ಟ ನೂರು ವರ್ಷದ ಹಿಂದಿನ ಗಿಡಗಳನ್ನೂ ಈಗಿನವನ್ನೂ ಅಳೆದು ನೋಡಿ, ಗಿಡದ ಎತ್ತರವೇ ಇಳಿದುಹೋಗಿದೆ ಅಂತ 2005ರಲ್ಲಿ ಪ್ರಕಟಿಸಿದರು. ದೇವರ ಬೆಟ್ಟ ಅಂತ ಕೀಳದೆ ಬಿಟ್ಟ ಕಡೆ ಗಿಡ ಇನ್ನೂ ಎತ್ತರವಾಗೇ ಇತ್ತು. ಹುಡುಗ ಪೂರ್ತಿ ಕೇಳಿ, 'ಹಮಾರೀ ದಾದಿ ಕೋ ಪತಾ ಥಾ' ಅಂದ. ನಮ್ಮಜ್ಜಿಗೆ ಗೊತ್ತಿತ್ತು.

ಇಳಿಯುವಾಗ ಒಂದು ಕುಟುಂಬ ಸಿಕ್ಕಿತು. ಪ್ಲಾಸ್ಟಿಕ್ ಕವರಿನಲ್ಲಿ ಐದಾರು ಬ್ರಹ್ಮಕಮಲ. ಆ ಕಾಗದದಂಥ ಹೊದಿಕೆಗಳು ಕವರಿನ ಬೆವರಿಗೆ ಆಗಲೇ ಕಂದಿದ್ದವು. ಬೈಯಬೇಕು ಅನ್ನಿಸಿತು. ಬಾಯಿ ತೆಗೆಯುವಷ್ಟರಲ್ಲಿ ಬೆನ್ನ ಮೇಲಿನ ಬ್ಯಾಗಿನಲ್ಲಿ ಡಬ್ಬಿ ಸದ್ದು ಮಾಡಿತು.

ಅಮ್ಮನ ಡಬ್ಬಿ. ಚಕ್ಕುಲಿ ಘಾಂಗರಿಯಾದಲ್ಲೇ ಖಾಲಿಯಾಗಿತ್ತು. ರೂಮಿನಲ್ಲಿ ಬಿಡದೆ ಖಾಲಿ ಡಬ್ಬಿಯನ್ನು ಬೆಟ್ಟದ ಮೇಲಕ್ಕೆ ಯಾಕೆ ಹೊತ್ತುಕೊಂಡು ಬಂದಿದ್ದೆ? ಒಂದು ಹೂ. ಒಂದೇ ಒಂದು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಸಾಗರಕ್ಕೆ ಒಯ್ದು ಅಮ್ಮನ ಮುಂದೆ ಇಡುವುದು, 'ನೋಡು, ಇದು' ಅನ್ನುವುದು. ಶಿವಮೊಗ್ಗದಲ್ಲಿ ಅಡುಗೆಮನೆ ಟೇಬಲ್ ಮೇಲೆ ಆ ಡಬ್ಬಿ ನೋಡಿದಾಗ ಬಂದ ಯೋಚನೆ ಇದೇ. ದುಂಬಿ ಕೂತಿರದಿದ್ದರೆ ಏನು ಮಾಡುತ್ತಿದ್ದೆನೋ. ಕೀಳುತ್ತಿರಲಿಲ್ಲ ಅಂತ ಈಗ ಬರೆಯುವುದು ಸುಲಭ. ಆ ಕುಟುಂಬಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ನಿಂತೆ.

ನಾವು ಬಂದು ಆರು ತಿಂಗಳಿಗೆ, 2025ರ ಮಾರ್ಚ್‌ನಲ್ಲಿ, ಗೋವಿಂದಘಾಟ್‌ನಿಂದ ಹೇಮಕುಂಡಕ್ಕೆ 12.4 ಕಿಲೋಮೀಟರ್ ರೋಪ್‌ವೇಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಸುದ್ದಿ ಓದಿದೆ. ಮಂಡಿ ಹಿಡಿದ ವಯಸ್ಸಾದವರಿಗೆ ಒಳ್ಳೆಯದೇ. ನನ್ನ ಮಂಡಿಯೂ ಖುಷಿಪಟ್ಟಿತು. ಆದರೆ ಮೇಲಿನ ಜಾಗ ನೆನಪಾಗುತ್ತದೆ. ಬಟ್ಟಲಿನಂಥ ಒಂದು ಸರೋವರ, ಸುತ್ತ ಆ ಸೀರೆ ಅಂಚಿನಷ್ಟು ಹೂವಿನ ಪಟ್ಟಿ. ಆರು ಕಿಲೋಮೀಟರ್ ಏರು ಒಂದು ಥರದ ಬೇಲಿಯಾಗಿತ್ತು ಅನ್ನಿಸುತ್ತದೆ.

ಊರಿಗೆ ಬಂದವನು ಮೊದಲ ಭಾನುವಾರವೇ ಸಾಗರಕ್ಕೆ ಹೋದೆ. ಅಮ್ಮನಿಗೆ ಈಗ 78. ಕನ್ನಡಕ ಹಾಕಿಸಿ, ಪಕ್ಕದಲ್ಲಿ ಕೂತು ಹೆಂಡತಿಯ ಫೋನಿನ ವಿಡಿಯೋ ತೋರಿಸಿದೆ. ಹಳೆಯ ಆಲ್ಬಮ್ಮಿನಿಂದ ಆ ಸ್ಟಾಂಪನ್ನೂ ತೆಗೆದು ಪಕ್ಕದಲ್ಲಿಟ್ಟೆ. ಸಾಕ್ಷಿ ಸಮೇತ.

ಅಮ್ಮ ನಿಧಾನವಾಗಿ ನೋಡಿದಳು. ರೇನ್‌ಕೋಟಿನ ಬೆನ್ನು ಬಂದಾಗ 'ಸರಿ ಊಟ ಮಾಡಿಲ್ಲ ನೀನು ಅಲ್ಲಿ' ಅಂದಳು. ಹೂ ಬಂದಾಗ 'ಕೋಸಿನ ಹಾಗಿದೆ' ಅಂದಳು. ದುಂಬಿಯ ಕತೆ ಹೇಳಿದೆ. ಅದಕ್ಕೆ ಮಾತ್ರ ಕನ್ನಡಕ ತೆಗೆದು ನನ್ನ ಮುಖ ನೋಡಿ, 'ಪಾಪ, ಚಳಿ ಅಲ್ವನಾ' ಅಂದಳು. ಆಮೇಲೆ ಕೇಳಿದಳು:

'ರಾತ್ರಿ ಅರಳತ್ತಾ?'

'ಇಲ್ಲಮ್ಮ. ಹಗಲೂ ಇರತ್ತೆ, ರಾತ್ರೀನೂ ಇರತ್ತೆ. ಎಷ್ಟೋ ದಿನ ಹಾಗೇ ಇರತ್ತೆ.'

'ಮತ್ತೆ ಜನಾನ ಯಾವಾಗ ಕರೆಯೋದು?'

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಲವತ್ತೆರಡು ವರ್ಷದಲ್ಲಿ ಅಮ್ಮನ ಕಡೆಯಿಂದ ಬಂದ ವಾದಗಳಲ್ಲಿ ಇದೇ ಗಟ್ಟಿಯಾದದ್ದು ಅಂತ ಹೆಂಡತಿ ಹೇಳುತ್ತಾಳೆ. ಅಮ್ಮ ಫೋನ್ ವಾಪಸ್ ಕೊಟ್ಟು, ಗೋಡೆ ಹಿಡಿದುಕೊಂಡು ಎದ್ದಳು. ಅಡುಗೆಮನೆ ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

'ಡಬ್ಬಿ ತಂದ್ಯಾ?'